ಮಾರ್ಚ್‌ನಲ್ಲಿ ಬರುವ ದುಡ್ಡು, ಜೂನ್‌ನಲ್ಲಿ ತೆರೆಯುವ ಶಾಲೆ

ಜನವರಿ ಮುಗಿಯುತ್ತಿದ್ದ ಹಾಗೆ ನಮ್ಮ ಆಫೀಸಿನ ಫೋನಿಗೆ ಬಿಡುವಿರುವುದಿಲ್ಲ. "ಮೇಡಂ, ಸಿಎಸ್‌ಆರ್ ಬಜೆಟ್‌ನಲ್ಲಿ ಸ್ವಲ್ಪ ಉಳಿದಿದೆ. ಮಾರ್ಚ್ 31ರೊಳಗೆ ಸೈನ್ಸ್ ಟೀಚರ್ಸ್‌ಗೆ ಒಂದು ಟ್ರೈನಿಂಗ್ ಮಾಡಿಬಿಡೋಣ್ವಾ?" ಸಿಎಸ್‌ಆರ್ ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಖರ್ಚು ಮಾಡುವ ದುಡ್ಡು. ಕೇಳುವ ಕಂಪನಿಯವರು ಒಳ್ಳೆಯವರೇ. ಎಷ್ಟೋ ಜನ ತಾವೂ ಸರ್ಕಾರಿ ಶಾಲೆಯಲ್ಲಿ ಓದಿ ಬಂದವರು, ಆ ಋಣ ತೀರಿಸಬೇಕು ಅಂತ ನಿಜವಾಗಿ ಅಂದುಕೊಂಡವರು. ಆದರೆ ಫೆಬ್ರವರಿ, ಮಾರ್ಚ್ ಅಂದರೆ ವಿಜ್ಞಾನದ ಮೇಷ್ಟ್ರಿಗೆ ಉಸಿರಾಡಲೂ ಪುರುಸೊತ್ತಿಲ್ಲದ ಕಾಲ. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ, ಸಂಜೆ ವಿಶೇಷ ತರಗತಿ, ಆಮೇಲೆ ಪರೀಕ್ಷಾ ಡ್ಯೂಟಿ, ಮೌಲ್ಯಮಾಪನ. ಆ ಹೊತ್ತಿನಲ್ಲಿ ಮೇಷ್ಟ್ರುಗಳಿಗೆ ಎರಡು ದಿನ ಓಓಡಿ (ತರಬೇತಿಗೆ ಹೋದರೂ ಡ್ಯೂಟಿ ಅಂತಲೇ ಲೆಕ್ಕ) ಕೊಡಿ ಅಂತ ಕೇಳಿಕೊಂಡು ತಾಲ್ಲೂಕಿನ ಶಿಕ್ಷಣಾಧಿಕಾರಿಗಳ, ಅಂದರೆ ಬಿಇಒ ಆಫೀಸಿಗೆ ಹೋದರೆ ಅಲ್ಲಿನವರು ನನ್ನ ಮುಖ ನೋಡಿ ನಗುತ್ತಾರೆ. ನಗಬೇಕಾದ್ದೇ.

ನಾನು ಹಿಂದೆ ಹೈಸ್ಕೂಲಿನಲ್ಲಿ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿ ವಿಜ್ಞಾನ) ಪಾಠ ಮಾಡುತ್ತಿದ್ದೆ. ಈಗ ಒಂದು ಸಣ್ಣ ಸಂಸ್ಥೆಯಲ್ಲಿದ್ದೇನೆ. ಕಂಪನಿಗಳ ದುಡ್ಡಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಪ್ರಯೋಗ ಮಾಡಿಸಿ ಪಾಠ ಹೇಳುವ ತರಬೇತಿ ಕೊಡುವುದು ನಮ್ಮ ಕೆಲಸ. ಹೆಚ್ಚಾಗಿ ಆನೇಕಲ್ ತಾಲ್ಲೂಕು. ಚಂದಾಪುರ, ಜಿಗಣಿ, ಅತ್ತಿಬೆಲೆ, ಸರ್ಜಾಪುರದ ಕಡೆ. ಬೆಳಗ್ಗೆ ರಿಂಗ್ ರೋಡಿನ ಗಾಜಿನ ಕಟ್ಟಡದಲ್ಲಿ ಸ್ಲೈಡ್ ತೋರಿಸಿ, ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಶಾಲೆಯ ವರಾಂಡದಲ್ಲಿ ಕೂತಿರುವುದು ನನಗೆ ಮಾಮೂಲಿ. ಎರಡೂ ಕಡೆಯವರ ಮಾತು ಕೇಳಿ ಕೇಳಿ ಒಂದಿಷ್ಟು ಹೇಳಬೇಕು ಅನ್ನಿಸಿದೆ.

ಮೊದಲು ಈ ದುಡ್ಡು ಎಲ್ಲಿಂದ ಬರುತ್ತದೆ ಅಂತ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್. 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಂದು ಕಂಪನಿಯ ನಿವ್ವಳ ಆಸ್ತಿ 500 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದರೆ, ಅದು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣ ಆ ಪಟ್ಟಿಯಲ್ಲಿದೆ. ಕಂಪನಿ ಇರುವ ಊರಿಗೆ, ಸುತ್ತಮುತ್ತಲಿಗೆ ಆದ್ಯತೆ ಕೊಡಿ ಅಂತಲೂ ಕಾಯ್ದೆ ಹೇಳುತ್ತದೆ. ಹಾಗಾಗಿ ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ಶಾಲೆಗೆ ಮೂರು ಕಂಪನಿಗಳು ಬಣ್ಣ ಬಳಿಯಲು ಬರುತ್ತವೆ, ಯಾದಗಿರಿಯ ಶಾಲೆಗೆ ಯಾರೂ ಬರುವುದಿಲ್ಲ. ಅದು ಬೇರೆಯೇ ಜಗಳ, ಇನ್ನೊಂದು ದಿನ ಬರೆಯುತ್ತೇನೆ.

ಕಂಪನಿಯ ಮೀಟಿಂಗ್‌ಗಳಲ್ಲಿ ಎಲ್ಲರ ಕಣ್ಣು ಅರಳುವುದು ಕಿಟ್ ವಿಷಯ ಬಂದಾಗ. ನೀಲಿ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಅಯಸ್ಕಾಂತ, ಲೆನ್ಸ್, ಪ್ರಿಸಂ, ಸರ್ಕ್ಯೂಟ್ ಬೋರ್ಡ್, ಮುಚ್ಚಳದ ಮೇಲೆ ಲೋಗೋ. ಕಣ್ಣಿಗೆ ಕಾಣುತ್ತದೆ, ಎಣಿಸಲು ಬರುತ್ತದೆ, ಫೋಟೋಗೆ ಸಿಗುತ್ತದೆ. ತರಬೇತಿ ಎಷ್ಟು ದಿನ ಅಂತ ಕೇಳಿದರೆ "ಒಂದು ದಿನ ಸಾಕಲ್ವಾ ಮೇಡಂ, ಕಿಟ್ ಹೇಗೆ ಯೂಸ್ ಮಾಡೋದು ಅಂತ ತೋರಿಸಿದರಾಯ್ತು" ಅನ್ನುತ್ತಾರೆ. ಆಮೇಲೆ ಒಂದು ಗುಣಾಕಾರ. ಇಷ್ಟು ಶಿಕ್ಷಕರು, ಒಬ್ಬೊಬ್ಬರಿಗೆ ಇಷ್ಟು ಮಕ್ಕಳು, ಅಷ್ಟು ವರ್ಷ. ಸ್ಲೈಡಿನ ಕೊನೆಗೆ ಒಂದು ದೊಡ್ಡ ಸಂಖ್ಯೆ ಬಂದು ಕೂರುತ್ತದೆ, ಕೆಳಗೆ 'ಫಲಾನುಭವಿಗಳು' ಅಂತ. ಆ ಮಕ್ಕಳಲ್ಲಿ ಒಬ್ಬರಾದರೂ ಆ ಅಯಸ್ಕಾಂತ ಮುಟ್ಟಿದರೇ ಅಂತ ಸ್ಲೈಡ್ ಕೇಳುವುದಿಲ್ಲ.

ಪ್ರಯೋಗದ ತರಬೇತಿ ಅಂದರೆ ನಿಜವಾಗಿ ಏನು ಅಂತ ಹೇಳಲು ನಾನು ಯಾವಾಗಲೂ ಮೇಣದಬತ್ತಿಯ ಉದಾಹರಣೆ ಕೊಡುತ್ತೇನೆ. ಎಲ್ಲರಿಗೂ ಗೊತ್ತಿರುವ ಪ್ರಯೋಗ. ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರುತ್ತದೆ, ಲೋಟದೊಳಗೆ ನೀರು ಏರುತ್ತದೆ. ಯಾಕೆ? ತರಬೇತಿಯ ಹಾಲಿನಲ್ಲಿ ಕೇಳಿದ ತಕ್ಷಣ ಉತ್ತರ ರೆಡಿ: "ಆಕ್ಸಿಜನ್ ಖರ್ಚಾಯ್ತು, ಆ ಜಾಗಕ್ಕೆ ನೀರು ಬಂತು. ಗಾಳಿಯಲ್ಲಿ ಆಕ್ಸಿಜನ್ ಸುಮಾರು ಐದರಲ್ಲಿ ಒಂದು ಪಾಲು, ನೀರೂ ಅಷ್ಟೇ ಏರುತ್ತೆ."

ನಾನು ಸರಿ, ತಪ್ಪು ಏನೂ ಹೇಳುವುದಿಲ್ಲ. ಅದೇ ಲೋಟ ಇಟ್ಟುಕೊಂಡು ಈಗ ಮೂರು ಬತ್ತಿ ಹಚ್ಚಿ ಅನ್ನುತ್ತೇನೆ. ಲೋಟದೊಳಗಿನ ಆಕ್ಸಿಜನ್ ಮೊದಲಿನಷ್ಟೇ. ಹಾಗಾದರೆ ನೀರೂ ಮೊದಲಿನಷ್ಟೇ ಏರಬೇಕು, ಅಲ್ವಾ? ಏರಿದ್ದು ಜಾಸ್ತಿ. ಹಾಲಿನಲ್ಲಿ ಗುಸುಗುಸು ಶುರುವಾಗುತ್ತದೆ. ಇನ್ನೊಂದು ಸಲ ಮಾಡಿ, ನೀರು ಏರುವುದು ಯಾವಾಗ ಅಂತ ಮಾತ್ರ ನೋಡಿ ಅನ್ನುತ್ತೇನೆ. ಬತ್ತಿ ಉರಿಯುತ್ತಿರುವಷ್ಟು ಹೊತ್ತೂ ನೀರು ಹೆಚ್ಚೇನೂ ಅಲುಗುವುದಿಲ್ಲ. ಆರಿದ ಮೇಲೆ ಸರ್ರನೆ ಏರುತ್ತದೆ. ಆಕ್ಸಿಜನ್ ಖಾಲಿಯಾಗಿದ್ದೇ ಕಾರಣ ಆಗಿದ್ದರೆ, ಉರಿಯುವಾಗಲೇ ಮೆಲ್ಲಗೆ ಏರಬೇಕಿತ್ತು.

ಹೋದ ಸಲ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಪಿಸಿಎಂ (ಭೌತ, ರಸಾಯನ, ಗಣಿತ) ಮೇಷ್ಟ್ರು, ಬೆಳಗ್ಗೆಯಿಂದ ತುಟಿ ಬಿಚ್ಚದವರು, ಎದ್ದು ಬಂದು ತಟ್ಟೆಯ ನೀರಿಗೆ ಸ್ವಲ್ಪ ಸೋಪಿನ ನೀರು ಬೆರೆಸಿದರು. ಬತ್ತಿ ಹಚ್ಚಿ ಲೋಟ ಇಟ್ಟರು. ಲೋಟದ ಅಂಚಿನಿಂದ ಗುಳ್ಳೆ ಗುಳ್ಳೆಯಾಗಿ ನೊರೆ ಎದ್ದಿತು. "ಬಿಸಿ ಗಾಳಿ ಹಿಗ್ಗಿ ಹೊರಗೆ ಹೋಗ್ತಿದೆ ಮೇಡಂ. ಬತ್ತಿ ಆರಿದ ಮೇಲೆ ಒಳಗಿರೋ ಗಾಳಿ ತಣ್ಣಗಾಗಿ ಕುಗ್ಗುತ್ತೆ, ಅದಕ್ಕೇ ನೀರು ಮೇಲಕ್ಕೆ ಹೋಗ್ತಿದೆ." ಪಕ್ಕದ ಟೇಬಲ್ಲಿನವರಿಗೆ ಹಟ ಬಂತು. ಬೆಂಕಿಯೇ ಬೇಡ ಅಂತ ಫ್ಲಾಸ್ಕಿನ ಬಿಸಿನೀರು ಹಾಕಿ ಲೋಟ ತೊಳೆದು, ಬಿಸಿ ಇರುವಾಗಲೇ ತಟ್ಟೆಯ ನೀರಿನಲ್ಲಿ ಬೋರಲು ಹಾಕಿದರು. ಲೋಟ ತಣಿದ ಹಾಗೆ ನೀರು ಏರಿತು! ಬತ್ತಿ ಇಲ್ಲ, ಉರಿ ಇಲ್ಲ, ಆಕ್ಸಿಜನ್ ಒಂಚೂರೂ ಖರ್ಚಾಗಿಲ್ಲ.

ಬತ್ತಿ ಉರಿದಾಗ ಆಕ್ಸಿಜನ್ ಖರ್ಚಾಗುವುದು ನಿಜವೇ. ಆದರೆ ಅದರ ಬದಲಿಗೆ ಕಾರ್ಬನ್ ಡೈಆಕ್ಸೈಡ್ ಬಂದಿರುತ್ತದೆ, ನೀರಿನ ಆವಿಯೂ ಇರುತ್ತದೆ. ಒಳಗಿನ ಆಕ್ಸಿಜನ್ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರಿಹೋಗುತ್ತದೆ. ನೀರು ಏರಲು ಮುಖ್ಯ ಕಾರಣ ಗಾಳಿ ಬಿಸಿಯಾಗಿ ತಣ್ಣಗಾಗುವುದು. ಇಷ್ಟು ತಿಳಿಯಲು ಬೇಕಾಗಿದ್ದು ಮೂರು ಮೇಣದಬತ್ತಿ, ಒಂದು ಲೋಟ, ಒಂದು ತಟ್ಟೆ, ಚೂರು ಸೋಪು. ನೀಲಿ ಪೆಟ್ಟಿಗೆ ಎಲ್ಲೂ ಬರಲಿಲ್ಲ. ಬೇಕಾಗಿದ್ದು ಹೊತ್ತು. ಒಂದಿಡೀ ಬೆಳಗ್ಗೆ ಇದಕ್ಕೇ ಹೋಯಿತು.

ಆಗ ಒಬ್ಬ ಮೇಡಂ ಎದ್ದು ನಿಂತು, ಸ್ವಲ್ಪ ಸಿಟ್ಟಿನಲ್ಲೇ, "ಇದೆಲ್ಲಾ ಚೆನ್ನಾಗಿದೆ. ಪರೀಕ್ಷೆಯಲ್ಲಿ ಮಕ್ಕಳು ಏನು ಬರೀಬೇಕು? ಗೈಡಿನಲ್ಲಿ ಆಕ್ಸಿಜನ್ ಅಂತಲೇ ಇದೆ" ಅಂದರು. ಇಡೀ ತರಬೇತಿಯಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಬರಲಿಲ್ಲ. ಉತ್ತರ ಪತ್ರಿಕೆ ತಿದ್ದುವವರು ಇನ್ನೊಂದು ಶಾಲೆಯವರು, ಅವರು ಈ ಹಾಲಿನಲ್ಲಿ ಇಲ್ಲ. ನಾನು ಪೂರ್ತಿ ಸಮಾಧಾನ ಹೇಳಲಿಲ್ಲ, ಹೇಳಲು ಬರುವುದೂ ಇಲ್ಲ. ಅಷ್ಟರಲ್ಲಿ ಕಂಪನಿಯ ಫೋಟೋಗ್ರಾಫರ್ ಹುಡುಗ "ಮೇಡಂ, ಆ ಬತ್ತಿ ಇನ್ನೊಂದ್ಸಲ ಹಚ್ತೀರಾ, ಫ್ರೇಮ್ ಸಿಗ್ಲಿಲ್ಲ" ಅಂದ. ಮತ್ತೆ ಹಚ್ಚಿದೆವು. ಅವನಿಗೂ ನೀರು ಯಾಕೆ ಏರುತ್ತದೆ ಅಂತ ಕೇಳಿದೆ. ಆಕ್ಸಿಜನ್ ಅಂದ.

ಈಗ ನೀಲಿ ಪೆಟ್ಟಿಗೆಯ ವಿಷಯಕ್ಕೆ ಬರೋಣ. ಶಾಲೆಗೆ ಹೋಗಿ ಕಿಟ್ ಎಲ್ಲಿ ಅಂತ ಕೇಳಿದರೆ ಎಚ್ಎಂ ಹೆಮ್ಮೆಯಿಂದ ಬೀರು ತೆಗೆದು ತೋರಿಸುತ್ತಾರೆ. ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರುವುದಿಲ್ಲ. ಮೊದಮೊದಲು ಬಂದ ಕಂಪನಿಯವರು ಇದನ್ನು ನೋಡಿ ಮೇಷ್ಟ್ರುಗಳು ಸೋಮಾರಿಗಳು ಅಂದುಕೊಳ್ಳುತ್ತಾರೆ. ಕಾರಣ ಅದಲ್ಲ. ಶಾಲೆಗೆ ಬಂದ ವಸ್ತು ದಾಸ್ತಾನು ವಹಿಗೆ ಏರುತ್ತದೆ. ಎಚ್ಎಂಗೆ ವರ್ಗ ಆದಾಗ ಚಾರ್ಜ್ ಕೊಡಬೇಕು. ಪ್ರಿಸಂ ಒಂದು ಇತ್ತು, ಈಗ ಇಲ್ಲ ಅಂದರೆ ಯಾರು ಉತ್ತರ ಕೊಡಬೇಕು? ಮಕ್ಕಳ ಕೈಗೆ ಕೊಟ್ಟರೆ ಒಡೆಯುತ್ತದೆ, ಒಡೆದರೆ ವಿವರಣೆ ಬರೆಯಬೇಕು. ಬೀಗ ಹಾಕಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಆ ಜಾಗದಲ್ಲಿ ಇದ್ದಿದ್ದರೆ ನಾನೂ ಬೀಗವೇ ಹಾಕುತ್ತಿದ್ದೆ.

ಇದಕ್ಕೆ ನಾವು ಕಂಡುಕೊಂಡ ದಾರಿ ಬಹಳ ಸಣ್ಣದು. ಕಿಟ್ ಜೊತೆ ಒಂದು ಪತ್ರ: "ಇವು ಮಕ್ಕಳು ಬಳಸಿ ಮುಗಿಸಬೇಕಾದ ಸಾಮಾನುಗಳು. ಒಡೆದರೆ, ಕಳೆದರೆ ಬದಲಿ ಕೊಡಲಾಗುವುದು." ಇಲಾಖೆಯವರ ಕೈಯಲ್ಲೂ ಸಹಿ ಹಾಕಿಸುತ್ತೇವೆ. ಬಜೆಟ್‌ನಲ್ಲಿ ಅದಕ್ಕೊಂದು ಸಾಲು ಇಡುತ್ತೇವೆ. ಒಂದು ಕಂಪನಿಯ ಫೈನಾನ್ಸ್‌ನವರು ಆ ಸಾಲಿನ ಮೇಲೆ ಬೆರಳಿಟ್ಟು "ಒಡೆಯೋದಕ್ಕೂ ದುಡ್ಡಾ ಮೇಡಂ?" ಅಂದರು. ಹೌದು ಸರ್, ಒಡೆಯೋದಕ್ಕೇ ಅಂದೆ. ನಕ್ಕರು, ಆದರೆ ಪಾಸು ಮಾಡಿದರು. ಆ ಶಾಲೆಗಳಲ್ಲಿ ಬೀರುವಿನ ಬೀಗ ತೆಗೆದಿದ್ದು ಆ ಪತ್ರದಿಂದ, ನಮ್ಮ ತರಬೇತಿಯಿಂದಲ್ಲ ಅಂತ ನನಗೆ ಚೆನ್ನಾಗಿ ಗೊತ್ತು.

ಬೀಗ ತೆಗೆದ ಮೇಲಿನ ಕಥೆ ಇನ್ನೂ ಮುಖ್ಯ. ತರಬೇತಿಯಲ್ಲಿ ಉತ್ಸಾಹದಿಂದ ಇದ್ದ ಶಿಕ್ಷಕಿ ತನ್ನ ಶಾಲೆಗೆ ಹೋದ ಮೇಲೆ ಒಂಟಿ. ತರಗತಿ ಗದ್ದಲ, ಪಕ್ಕದ ಕೋಣೆಯವರ ಕಂಪ್ಲೇಂಟು, ಮಕ್ಕಳ ವಿವರ ಕಂಪ್ಯೂಟರಿಗೆ ತುಂಬುವ ಸ್ಯಾಟ್ಸ್ ಎಂಟ್ರಿ, ಮೊಟ್ಟೆ ಲೆಕ್ಕ. ಒಂದು ಪ್ರಯೋಗ ಕೈಕೊಟ್ಟರೆ ಅಲ್ಲಿಗೆ ಮುಗಿಯಿತು, ಮತ್ತೆ ಪಠ್ಯಪುಸ್ತಕ ಓದಿಸುವುದೇ. ಆ ಹೊತ್ತಿಗೆ ಯಾರಾದರೂ ಪಕ್ಕದಲ್ಲಿ ಇರಬೇಕು. ತಪಾಸಣೆ ಮಾಡಲು ಅಲ್ಲ, ತಟ್ಟೆ ಹಿಡಿದುಕೊಳ್ಳಲು.

ಜಿಗಣಿ ಕಡೆಯ ಒಂದು ಶಾಲೆಯ ಏಳನೇ ತರಗತಿ. ಆಮ್ಲ, ಪ್ರತ್ಯಾಮ್ಲದ ಪಾಠ. ಲಿಟ್ಮಸ್ ಕಾಗದ ತೇವಕ್ಕೆ ಹಾಳಾಗಿತ್ತು. ಮೇಡಂ ಕಂಗಾಲು. ನಾವಿಬ್ಬರೂ ಬಿಸಿಯೂಟದ ಅಡುಗೆ ಮನೆಗೆ ಹೋಗಿ ಅರಿಶಿನ ತಂದೆವು. ಒಬ್ಬ ಹುಡುಗ ಅಂಗಡಿಗೆ ಓಡಿ ಎಲೆಗೆ ಹಚ್ಚುವ ಸುಣ್ಣ ತಂದ. ಅರಿಶಿನದ ನೀರಿಗೆ ಸುಣ್ಣ ಬಿದ್ದ ಕೂಡಲೇ ಕೆಂಪಾಯಿತು. ಒಂದು ಹುಡುಗಿ ಜೋರಾಗಿ, "ಮಿಸ್, ಇದು ಆರತಿ ನೀರು! ನಮ್ಮಜ್ಜಿ ದೃಷ್ಟಿ ತೆಗೆಯೋಕೆ ಮಾಡ್ತಾರೆ" ಅಂದಳು. ಆಮೇಲೆ ಮೇಡಂ ಅದಕ್ಕೆ ನಿಂಬೆಹಣ್ಣು ಹಿಂಡಿದರು. ಮತ್ತೆ ಹಳದಿ. ಆ ಮೇಲೆ ಪಾಠವನ್ನು ಮಕ್ಕಳೇ ಎಳೆದುಕೊಂಡು ಹೋದರು. ಸೋಪು, ಮಜ್ಜಿಗೆ, ಹುಣಸೆಹಣ್ಣು, ಅಡುಗೆ ಸೋಡ, ಶಾಂಪೂ, ಕಾಂಪೌಂಡಿನ ದಾಸವಾಳ. ದಾಸವಾಳದ ನೀರು ನಿಂಬೆಗೆ ಗುಲಾಬಿ, ಸೋಡಕ್ಕೆ ಹಸಿರು. ಅರಿಶಿನ ಮಾತ್ರ ಮಜ್ಜಿಗೆಗೂ ಬದಲಾಗಲಿಲ್ಲ, ಬರೀ ನೀರಿಗೂ ಬದಲಾಗಲಿಲ್ಲ. "ಹಂಗಾದ್ರೆ ಅರಿಶಿನಕ್ಕೆ ಹುಳಿ ಗೊತ್ತಾಗಲ್ವಾ ಮಿಸ್?" ಅಂತ ಸುಣ್ಣ ತಂದ ಹುಡುಗನೇ ಕೇಳಿದ. ಮೇಡಂ ನನ್ನ ಕಡೆ ನೋಡಿದರು. ನಾನು ಕಿಟಕಿ ಕಡೆ ನೋಡಿದೆ. ಕೊನೆಗೆ ಅವರೇ, "ನೀನೇ ಹೇಳು, ಗೊತ್ತಾಗತ್ತೋ ಇಲ್ವೋ ಅಂತ ಹೇಗೆ ಪತ್ತೆ ಮಾಡ್ತೀಯ?" ಅಂದರು. ಆ ಒಂದು ವಾಕ್ಯಕ್ಕಾಗಿಯೇ ನಾನು ಚಂದಾಪುರದ ಟ್ರಾಫಿಕ್ಕಿನಲ್ಲಿ ಬಸ್ಸಿನಲ್ಲಿ ನಿಂತು ಹೋಗುವುದು.

ಇದು ಹೊಸ ಜ್ಞಾನವೇನೂ ಅಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ವಿಜ್ಞಾನ ಕಲಿಸುವ ಒಂದು ಕಾರ್ಯಕ್ರಮ ಶುರುವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಅನ್ನುವ ಎರಡು ಸಂಸ್ಥೆಗಳು ಹಚ್ಚಿದ ದೀಪ ಅದು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಆಮೇಲೆ ಮುಂದುವರಿಸಿತು. ದೆಹಲಿ ವಿಶ್ವವಿದ್ಯಾಲಯದ, ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನ ವಿಜ್ಞಾನಿಗಳು ಹಳ್ಳಿ ಮೇಷ್ಟ್ರುಗಳ ಜೊತೆ ನೆಲದ ಮೇಲೆ ಕೂತು ಪ್ರಯೋಗ ಮಾಡಿದರು. ಬೇಸಿಗೆ ರಜೆಯಲ್ಲಿ ದೀರ್ಘ ತರಬೇತಿ, ವರ್ಷವಿಡೀ ತಿಂಗಳ ಸಭೆ, ಶಾಲೆಗೆ ಭೇಟಿ, ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ. ಮಕ್ಕಳು ತಮ್ಮ ಪ್ರಶ್ನೆಗಳನ್ನು ಬರೆದು ಕಳಿಸಲು 'ಸವಾಲೀರಾಮ್' ಅಂತ ಒಂದು ಕಲ್ಪನೆಯ ಪಾತ್ರವೂ ಇತ್ತು. ನಮ್ಮ ಮೇಡಂ ಕೇಳಿದ ಪರೀಕ್ಷೆಯ ಪ್ರಶ್ನೆಗೆ ಅವರು ಆಗಲೇ ಕೈ ಹಾಕಿದ್ದರು ನೋಡಿ. ರಾಜ್ಯ ಸರ್ಕಾರ 2002ರಲ್ಲಿ ಅದನ್ನು ನಿಲ್ಲಿಸಿತು. ಅಷ್ಟು ಹೊತ್ತಿಗೆ ಮೂವತ್ತು ವರ್ಷ ನಡೆದಿತ್ತು. ನಮಗೆ ಕಂಪನಿಗಳು ಕೊಡುವ ಕರಾರು ಒಂದು ವರ್ಷದ್ದು, ಅದೂ ನವೆಂಬರಿನಲ್ಲಿ ಸಹಿಯಾಗುತ್ತದೆ.

ನಮ್ಮ ಬೆಂಗಳೂರಿಗೂ ಇದರಲ್ಲಿ ಒಳ್ಳೆಯ ಪರಂಪರೆ ಇದೆ. ಎಚ್. ನರಸಿಂಹಯ್ಯ ಮೇಷ್ಟ್ರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಅದೇ ವರ್ಷ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಕಟ್ಟಡದ ಉದ್ಘಾಟನೆಯಾಯಿತು, 1965ರಲ್ಲಿ ಜನರಿಗೆ ಬಾಗಿಲು ತೆರೆಯಿತು. 1999ರಲ್ಲಿ ಶುರುವಾದ ಅಗಸ್ತ್ಯ ಫೌಂಡೇಶನ್ ಕುಪ್ಪಂನಲ್ಲಿ ದೊಡ್ಡ ಕ್ಯಾಂಪಸ್ ಕಟ್ಟಿ, ವ್ಯಾನುಗಳಲ್ಲಿ ಪ್ರಯೋಗಾಲಯ ತುಂಬಿಕೊಂಡು ಹಳ್ಳಿಗಳಿಗೆ ಹೋಗುತ್ತಿದೆ. ಚಳ್ಳಕೆರೆ ಹತ್ತಿರದ ಐಐಎಸ್ಸಿ ಕ್ಯಾಂಪಸ್ಸಿನಲ್ಲಿ ಶಿಕ್ಷಕರು ಅಲ್ಲೇ ಉಳಿದುಕೊಂಡು ಲ್ಯಾಬಿನಲ್ಲಿ ಕೈಯಾರೆ ಮಾಡಿ ಕಲಿಯುತ್ತಾರೆ. ಹೋಗಿ ಬಂದ ನಮ್ಮ ಹೈಸ್ಕೂಲು ಶಿಕ್ಷಕರು ಅಲ್ಲಿನ ಮಾತು ತೆಗೆದರೆ ನಿಲ್ಲಿಸುವುದೇ ಇಲ್ಲ. ಇವೆಲ್ಲದರ ಹಿಂದೆ ವರ್ಷಗಟ್ಟಲೆ ಬಿಡದೆ ಅಂಟಿಕೊಂಡಿರುವ ಜನ ಇದ್ದಾರೆ. ಜನ ಅಂದರೆ ಸಂಬಳ, ಬಸ್ ಚಾರ್ಜು.

ಅಲ್ಲೇ ಕಂಪನಿಯವರ ಜೊತೆ ನಮಗೆ ಪ್ರತಿವರ್ಷ ತಕರಾರು. ಕಿಟ್‌ಗೆ ಎಷ್ಟು ಬೇಕಾದರೂ ಸರಿ, "ಶಾಲೆ ಭೇಟಿಗೆ ಇಬ್ಬರು ಫುಲ್ ಟೈಮ್ ಯಾಕೆ? ಇದು ಅಡ್ಮಿನ್ ಓವರ್‌ಹೆಡ್ ಅಲ್ವಾ? ಶೇ. 5 ದಾಟೋ ಹಾಗಿಲ್ಲ ಮೇಡಂ, ರೂಲ್ ಇದೆ" ಅನ್ನುತ್ತಾರೆ. ರೂಲ್ ಇರುವುದು ನಿಜ. ಆದರೆ 2021ರಲ್ಲಿ ತಿದ್ದಿದ ನಿಯಮವನ್ನು ಓದಿದರೆ, ಆ ಶೇ. 5 ಕಂಪನಿ ತನ್ನ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ ಹಾಕಿದ ಮಿತಿ. ಒಂದು ಯೋಜನೆಯನ್ನು ರೂಪಿಸಲು, ನಡೆಸಲು, ಅದರ ಮೇಲೆ ನಿಗಾ ಇಡಲು ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ ಅಂತ ಅಲ್ಲೇ ಬರೆದಿದೆ. ಶಿಕ್ಷಕಿಯ ಪಕ್ಕದಲ್ಲಿ ನಿಂತು ಅರಿಶಿನ ಕಲಸುವವಳೇ ಯೋಜನೆ. ಅವಳು ಓವರ್‌ಹೆಡ್ ಅಲ್ಲ.

ಮಾರ್ಚ್ 31ರ ಗಾಬರಿಯೂ ಅಷ್ಟೇ, ಅರ್ಧ ಸುಮ್ನೆ. ಮೂರು ವರ್ಷದವರೆಗೆ ನಡೆಯುವ ಕೆಲಸವನ್ನು 'ಆನ್‌ಗೋಯಿಂಗ್ ಪ್ರಾಜೆಕ್ಟ್' ಅಂತ ಬೋರ್ಡ್ ಒಪ್ಪಿದರೆ, ಉಳಿದ ದುಡ್ಡನ್ನು ಆರ್ಥಿಕ ವರ್ಷ ಮುಗಿದ 30 ದಿನದೊಳಗೆ ಬ್ಯಾಂಕಿನಲ್ಲಿ ಬೇರೆ ಖಾತೆಗೆ ಹಾಕಿ, ಮುಂದಿನ ಮೂರು ಆರ್ಥಿಕ ವರ್ಷದಲ್ಲಿ ಅದೇ ಕೆಲಸಕ್ಕೆ ಖರ್ಚು ಮಾಡಬಹುದು. ಕಾನೂನೇ ಜಾಗ ಬಿಟ್ಟಿದೆ. ಅಂದರೆ ಮಾರ್ಚಿನಲ್ಲಿ ಉಳಿದ ದುಡ್ಡು ಜೂನಿನಲ್ಲಿ ಶಾಲೆ ತೆರೆದ ಮೇಲೆ, ದಸರಾ ರಜೆಯ ಮುಂಚೆ, ರಜೆಯ ಆಮೇಲೆ, ಶಾಲೆಯ ಹೊತ್ತು ನೋಡಿಕೊಂಡು ಖರ್ಚಾಗಬಹುದು. ಬೇಕಾಗಿರುವುದು ಯೋಜನೆಯನ್ನು ಮೊದಲೇ ಮೂರು ವರ್ಷಕ್ಕೆ ಬರೆಯುವುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಇರಬೇಕು ಅನ್ನುತ್ತದೆ. ಅದನ್ನು ಒಂದೇ ವಾರದಲ್ಲಿ ತುರುಕಿ ಸರ್ಟಿಫಿಕೇಟ್ ಕೊಡುವ ಬದಲು, ತಿಂಗಳಿಗೆ ಒಂದು ಮಧ್ಯಾಹ್ನ ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಕೂರುವುದು ಮೇಲು. ಆ ಸಭೆ ನಡೆಸುವ ಸಿಆರ್‌ಪಿಗಳು ಇದಕ್ಕೆ ಖುಷಿಯಾಗಿ ಒಪ್ಪುತ್ತಾರೆ. ಅವರಿಗೂ ಸಭೆಯಲ್ಲಿ ಸುತ್ತೋಲೆ ಓದಿ ಓದಿ ಸಾಕಾಗಿದೆ.

ಈ ವರ್ಷ ಒಂದು ಕಂಪನಿ ಹೀಗೆ ಬರೆದುಕೊಟ್ಟಿದ್ದಕ್ಕೆ ಒಪ್ಪಿದೆ. ಮೂರು ವರ್ಷ, ಕಡಿಮೆ ಶಾಲೆ, ಜಾಸ್ತಿ ಭೇಟಿ. ಸ್ಲೈಡಿನ ಕೊನೆಯ ಸಂಖ್ಯೆ ಸಣ್ಣದಾಯಿತು ಅಂತ ಅವರಿಗೆ ಸ್ವಲ್ಪ ಬೇಸರ ಇದೆ. ಅವರ ಎಂಜಿನಿಯರುಗಳಲ್ಲಿ ಕೆಲವರು ತರಬೇತಿಗೂ ಬಂದು ಕೂರುತ್ತಾರೆ. ಒಂದು ಸೆಲ್, ಒಂದು ಟಾರ್ಚ್ ಬಲ್ಬ್, ಒಂದೇ ಒಂದು ವೈರು ಕೊಟ್ಟು ಬಲ್ಬ್ ಹೊತ್ತಿಸಿ ಅಂದರೆ ಶಿಕ್ಷಕರಷ್ಟೇ ಅವರೂ ಪರದಾಡುತ್ತಾರೆ. ಅದನ್ನು ನೋಡಿ ಮೇಷ್ಟ್ರುಗಳ ಸಂಕೋಚ ಅರ್ಧ ಇಳಿದುಹೋಗುತ್ತದೆ. ಕಂಪನಿ ಕೊಡಬಹುದಾದ ಸಹಾಯಗಳಲ್ಲಿ ಇದಕ್ಕೆ ಖರ್ಚೇ ಇಲ್ಲ.

ಅಂದ ಹಾಗೆ, ಆ ಹಳೇ ಕಾಲದ ಟಾರ್ಚ್ ಬಲ್ಬ್ ಈಗ ಎಸ್.ಪಿ. ರೋಡಿನಲ್ಲೂ ಸುಲಭಕ್ಕೆ ಸಿಗುತ್ತಿಲ್ಲ. "ಈಗೆಲ್ಲಾ ಎಲ್‌ಇಡಿ ಮೇಡಂ" ಅಂತ ಅಂಗಡಿಯವರು ಕೈ ಆಡಿಸುತ್ತಾರೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಟಾರ್ಚ್ ಇದ್ದರೆ ಅದರ ಬಲ್ಬ್ ನಮಗೆ ಬೇಕು. ಓದುವ ಕನ್ನಡಕವೂ ಬೇಕು, ಪ್ಲಸ್ ಪವರ್‌ದು ಮಾತ್ರ. ಪ್ಲಸ್ 2 ಪವರ್‌ನ ಗಾಜನ್ನು ಗೋಡೆಯಿಂದ ಸುಮಾರು ಅರ್ಧ ಮೀಟರ್ ದೂರ ಹಿಡಿದರೆ ಎದುರು ಕಿಟಕಿಯಾಚೆಯ ಮರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಬೆಳಕಿನ ಪಾಠಕ್ಕೆ ಅಷ್ಟು ಸಾಕು. ಮೈನಸ್ ಪವರ್ ಆದರೆ ಮೂಡುವುದಿಲ್ಲ. ಫ್ರೇಮ್ ಮುರಿದಿದ್ದರೂ ಪರವಾಗಿಲ್ಲ. ಗೀರು ಬಿದ್ದಿದ್ದರೆ ಮಾತ್ರ ಬೇಡ.